ಅತ್ತೆ ಆರಿಸಿದ ಜ್ಯಾಕ್ ಸ್ಟ್ಯಾಂಡ್

ದರ್ಜಿಯ ಹಳೇ ಕಾರು ಹೊರಟಿತೆಂದರೆ ಬೀದಿಯ ಕೊನೇ ಮನೆಯವರೂ ಕಿಟಕಿ ಮುಚ್ಚುತ್ತಿದ್ದರು. ಸೈಲೆನ್ಸರ್ ಸಡಿಲವಾಗಿ ಲಟಲಟ ಬಡಿದುಕೊಳ್ಳುತ್ತಿತ್ತು. ರಜೆಯ ದಿನ ಬೆಳಗ್ಗೆ ಅವನೇ ರಿಪೇರಿಗೆ ಇಳಿದ. ಜ್ಯಾಕ್ ಹಾಕಿ ಕಾರಿನ ಮುಂಭಾಗ ಎತ್ತಿದ, ಆಸರೆಗೆ ಎರಡು ಸಿಮೆಂಟ್ ಬ್ಲಾಕ್ ಇಟ್ಟ, ಚಾಪೆ ಹಾಸಿಕೊಂಡು ಕೆಳಗೆ ನುಸುಳಿದ.

ಅಷ್ಟರಲ್ಲಿ ಅವನ ಹೆಂಡತಿಯ ತಾಯಿ ಊರಿನಿಂದ ಬಂದರು. ಬಸ್ ಡಿಪೋದಲ್ಲಿ ಇಪ್ಪತ್ತೆಂಟು ವರ್ಷ ಮೆಕ್ಯಾನಿಕ್ ಆಗಿದ್ದವರು. ಕಾರಿನಡಿಯಿಂದ ಚಾಚಿದ್ದ ಎರಡು ಕಾಲು ಕಂಡು ಕೈಚೀಲ ಅಲ್ಲೇ ಇಳಿಸಿದರು.

“ಅಳಿಯಂದ್ರೇ, ಸ್ವಲ್ಪ ಹೊರಗೆ ಬನ್ನಿ.”

“ಐದೇ ನಿಮಿಷ ಅತ್ತೆ. ಒಂದು ನಟ್ ಬಿಗಿದ್ರೆ ಮುಗೀತು.”

“ನಾನು ಅಷ್ಟು ದೂರದಿಂದ ಬಂದಿದ್ದು ನಿಮ್ಮ ಮುಖ ನೋಡೋಕೆ, ಚಪ್ಪಲಿ ನೋಡೋಕಲ್ಲ.”

ದರ್ಜಿ ನಗುತ್ತಾ ಹೊರಬಂದ.

“ಆ ಬ್ಲಾಕ್ ಒಳಗೆಲ್ಲ ಟೊಳ್ಳು. ಗೋಡೆಗಾದ್ರೆ ಸರಿ, ಕಾರಿಗಲ್ಲ,” ಎಂದರು ಅತ್ತೆ.

“ಜ್ಯಾಕ್ ಇದ್ಯಲ್ಲ. ಹತ್ತು ಸಲ ಹೀಗೇ ಮಾಡಿದ್ದೀನಿ, ಏನೂ ಆಗಿಲ್ಲ.”

“ಜ್ಯಾಕ್ ಇರೋದು ಎತ್ತೋಕೆ. ಹೊತ್ಕೊಂಡು ನಿಲ್ಲೋಕೆ ಕಬ್ಬಿಣದ ಸ್ಟ್ಯಾಂಡ್ ಅಂತ ಬೇರೇನೇ ಇದೆ.”

ಮಾತು ಮುಗಿದಿರಲಿಲ್ಲ. ಇದ್ಯಾವುದೂ ತಿಳಿಯದ ದರ್ಜಿಯ ಹೆಂಡತಿ ಕಾರಿನ ಆಚೆ ಬದಿಯಿಂದ ಬಂದು, ಹಿಂದಿನ ಸೀಟಿನಲ್ಲಿದ್ದ ಕೊಡೆ ತೆಗೆದುಕೊಂಡು ಬಾಗಿಲನ್ನು ದಡಾರನೆ ಹಾಕಿದಳು. ಜ್ಯಾಕ್ ವಾಲಿತು. ಬ್ಲಾಕ್ ಪುಡಿಯಾಯಿತು. ಕಾರು ಧೊಪ್ಪೆಂದು ಕುಸಿಯಿತು. ದರ್ಜಿ ಮಲಗಿದ್ದ ಜಾಗದಲ್ಲಿ ಈಗ ಒಂದು ಗೇಣು ಸಂದೂ ಇರಲಿಲ್ಲ.

ಹೆಂಡತಿ ಅವನ ತೋಳು ಹಿಡಿದುಕೊಂಡವಳು ಬಿಡಲೇ ಇಲ್ಲ. ಪುಡಿಯಾದ ಬ್ಲಾಕನ್ನು ನೋಡುತ್ತಾ ಅವನು ಮೆಲ್ಲಗೆ ಕೇಳಿದ, “ಆ ಸ್ಟ್ಯಾಂಡ್ ಎಲ್ಲಿ ಸಿಗುತ್ತೆ ಅತ್ತೆ?”

ಅಂಗಡಿಯಲ್ಲಿ ಅವನಿಗೆ ಥಳಥಳ ಹೊಳೆಯುವ ಕೆಂಪು ಸ್ಟ್ಯಾಂಡ್ ಹಿಡಿಸಿತು. ಅತ್ತೆ ಅದನ್ನು ತಲೆಕೆಳಗು ಮಾಡಿದರು.

“ಬಣ್ಣ ಚೆನ್ನಾಗಿದೆ, ಬೆಸುಗೆ ಬಿರುಕು ಬಿಟ್ಟಿದೆ. ಎಷ್ಟು ಭಾರ ಹೊರುತ್ತೆ ಅಂತ ಬರೆದೂ ಇಲ್ಲ. ಅಳತೆ ತಗೊಳ್ದೆ ನೀವು ಬಟ್ಟೆಗೆ ಕತ್ತರಿ ಹಾಕ್ತೀರಾ?”

“ಹಾಕಲ್ಲ.”

“ಇದೂ ಹಾಗೇ. ಕಾರಿನ ಜೊತೆ ಕೊಟ್ಟಿರೋ ಪುಸ್ತಕದಲ್ಲಿ ತೂಕ ನೋಡಿ, ಅದಕ್ಕಿಂತ ಹೆಚ್ಚು ಹೊರೋದು ತಗೊಳ್ಳಿ. ಸ್ಟ್ಯಾಂಡಿನ ಕಾಲು ಅಗಲವಾಗಿರ್ಲಿ. ಎತ್ತರ ಹಿಡಿಯೋಕೆ ನಡುವಿನ ಕಂಬಿಯಲ್ಲಿ ಗಟ್ಟಿ ಹಲ್ಲಿರ್ಲಿ, ಜಾರದ ಹಾಗೆ ಲಾಕ್ ಪಿನ್ನೂ ಇರ್ಲಿ. ತಗೊಳ್ಳೋದು ಯಾವಾಗ್ಲೂ ಜೋಡಿ.”

“ಅಮ್ಮಾ, ನಾಳೆಯಿಂದ ನೀವೇ ಇಲ್ಲಿ ಕೂತ್ಕೊಳ್ಳಿ,” ಎನ್ನುತ್ತಾ ಅಂಗಡಿಯವನು ಒಳಗಿಂದ ಬೇರೆ ಜೋಡಿ ತಂದ.

ಮನೆಯಲ್ಲಿ ಸಮತಟ್ಟಾದ ಗಟ್ಟಿ ನೆಲದ ಮೇಲೆ ಕಾರು ನಿಲ್ಲಿಸಿದರು. ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಹಿಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟರು. ಜ್ಯಾಕ್‌ನಿಂದ ಎತ್ತಿ, ಪುಸ್ತಕದಲ್ಲಿ ತೋರಿಸಿದ ಜಾಗಕ್ಕೇ ಎರಡೂ ಸ್ಟ್ಯಾಂಡ್ ಇಟ್ಟು, ಪಿನ್ ಹಾಕಿ, ಭಾರವನ್ನು ನಿಧಾನವಾಗಿ ಅವುಗಳ ಮೇಲೆ ಇಳಿಸಿದರು. ಅತ್ತೆ ಕಾರನ್ನು ಅಲುಗಿಸಿ ನೋಡಿದರು. ಅದು ಕದಲಲಿಲ್ಲ.

“ಈಗ ಹೋಗಿ,” ಎಂದರು.

ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಬೇಲಿಯಾಚೆಯಿಂದ ನೋಡುತ್ತಿದ್ದ ಪಕ್ಕದ ಮನೆಯ ಮೇಷ್ಟ್ರು ಕೇಳಿದರು, “ಆ ಸ್ಟ್ಯಾಂಡ್ ನಂಗೂ ಒಂದಿನ ಕೊಡ್ತೀರಾ?”

“ಕೊಡ್ತೀನಿ ಸಾರ್. ಮೊದ್ಲು ನಿಮ್ಮ ಕಾರಿನ ತೂಕ ಎಷ್ಟು ಹೇಳಿ,” ಎಂದ ದರ್ಜಿ ಗಂಭೀರವಾಗಿ.

ಅತ್ತೆಗೆ ನಗು ತಡೆಯಲಾಗಲಿಲ್ಲ.

ಮನೆಯಲ್ಲೇ ಕಾರು ರಿಪೇರಿ ಮಾಡುವವರೇ, ಬರೀ ಜ್ಯಾಕ್ ನಂಬಿ, ಬ್ಲಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ. ನಿಮ್ಮಲ್ಲಿ ಸ್ಟ್ಯಾಂಡ್ ಇದ್ದರೆ ಇವತ್ತೇ ಒಮ್ಮೆ ತಿರುಗಿಸಿ ನೋಡಿ. ಬಿರುಕು ಕಂಡರೆ ಗುಜರಿಗೆ ಹಾಕಿ. ಸ್ಟ್ಯಾಂಡೇ ಇಲ್ಲದಿದ್ದರೆ ಒಳ್ಳೆಯದೊಂದು ಜೋಡಿ ತನ್ನಿ. ಕೆಲಸ ಮುಗಿಸಿ, ಕೈ ತೊಳೆದುಕೊಂಡು, ಮನೆಯವರ ಜೊತೆ ಊಟಕ್ಕೆ ಕೂತುಕೊಳ್ಳಿ.