ಐದು ನಿಮಿಷಕ್ಕೊಮ್ಮೆ ಬಾಣದ ಕೀ

ಸೊಸೆ ಲ್ಯಾಪ್‌ಟಾಪಿನಲ್ಲಿ ಪ್ರವೇಶದ ಗುಂಡಿಯನ್ನು ಎರಡನೇ ಸಲ ಒತ್ತಿದಳು. ಎರಡನೇ ಸಲವೂ ಪರದೆ ಅದನ್ನೇ ಹೇಳಿತು: ಪ್ರಮಾಣಪತ್ರ ಇನ್ನೂ ಚಾಲ್ತಿಗೆ ಬಂದಿಲ್ಲ.

ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವುದು ಅವಳ ಕೆಲಸ. ಪಾಸ್‌ವರ್ಡ್ ಯಾರ್ಯಾರ ಬಾಯಲ್ಲೋ ಓಡಾಡುತ್ತಿದೆಯೆಂದು, ಇನ್ನು ಪ್ರಮಾಣಪತ್ರವೆಂಬ ಡಿಜಿಟಲ್ ಗುರುತುಚೀಟಿಯಿದ್ದ ಕಂಪ್ಯೂಟರಿಗಷ್ಟೇ ಪ್ರವೇಶ ಎಂದು ಇವತ್ತು ಮನೆಯಲ್ಲೇ ಕೂತು ಬದಲಾಯಿಸಿದ್ದಳು. ಅದಕ್ಕಾಗಿ ರಕ್ತನಿಧಿಯ ಪಟ್ಟಿಯನ್ನೂ ಅರ್ಧ ಗಂಟೆ ನಿಲ್ಲಿಸಿದ್ದಳು. ಈಗ ಪಾಸ್‌ವರ್ಡ್ ರದ್ದಾಗಿತ್ತು, ಪ್ರಮಾಣಪತ್ರ ನಡೆಯುತ್ತಿರಲಿಲ್ಲ. ಕಾರಣ ಸಿಕ್ಕಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸರ್ವರಿನ ಗಡಿಯಾರ ಎರಡು ವರ್ಷ ಹಿಂದಿತ್ತು. ಆ ಮಹಾರಾಯನ ಲೆಕ್ಕದಲ್ಲಿ ಇವತ್ತಿನ ಪ್ರಮಾಣಪತ್ರ ಇನ್ನೂ ಹುಟ್ಟೇ ಇರಲಿಲ್ಲ.

ಪುಣ್ಯಕ್ಕೆ ಹಳೆಯ ಪಾಸ್‌ವರ್ಡಿನಲ್ಲಿ ತೆರೆದಿದ್ದ ಕಿಟಕಿಯೊಂದು ಪರದೆಯ ಮೇಲೆ ಇನ್ನೂ ಜೀವ ಹಿಡಿದುಕೊಂಡಿತ್ತು. ಗಡಿಯಾರವನ್ನು ಅಲ್ಲಿಂದಲೇ ತಿದ್ದಬಹುದು. ಆದರೆ ಪ್ರತಿ ಬದಲಾವಣೆಗೂ ಮುಖ್ಯಸ್ಥರು ಕೊಡುವ ಆರಂಕಿಯ ಸಂಖ್ಯೆ ಬೇಕು. ಅವರೋ ಎರಡು ಬೀದಿಯಾಚೆಯ ಕಚೇರಿಯಲ್ಲಿ ಫೋನಿನ ಬಾಯಿ ಮುಚ್ಚಿಸಿ ಸಭೆಯಲ್ಲಿ ಕೂತಿದ್ದರು. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಕಿಟಕಿ ತಾನಾಗಿ ಮುಚ್ಚುತ್ತದೆ. ಲ್ಯಾಪ್‌ಟಾಪ್ ಎತ್ತಿಕೊಂಡು ಓಡಿದರೆ ನೆಟ್‌ವರ್ಕ್ ಕಡಿದು ಈಗಲೇ ಮುಚ್ಚುತ್ತದೆ. ಮುಚ್ಚಿತೋ, ಆಸ್ಪತ್ರೆಯಲ್ಲಿ ಸರ್ವರಿಟ್ಟ ಕೋಣೆ ತೆಗೆಸಿ ಸರಿಪಡಿಸಲು ಒಂದಿಡೀ ದಿನ. ಅಷ್ಟು ಹೊತ್ತು ಯಾವ ಗುಂಪಿನ ರಕ್ತ ಎಷ್ಟಿದೆಯೆಂದು ಯಾರಿಗೂ ತಿಳಿಯುವುದಿಲ್ಲ.

ಮನೆಯಲ್ಲಿದ್ದ ಇನ್ನೊಂದು ಜೀವವೆಂದರೆ ಅತ್ತೆ. ಒಲೆಯ ಮೇಲೆ ಹಾಲಿಟ್ಟು ಕಾವಲು ನಿಂತಿದ್ದರು. ಹೋದ ವಾರ ಸೊಸೆ ಹಾಲು ಉಕ್ಕಿಸಿದ್ದಕ್ಕೆ ಮೂರು ದಿನ ಮುಖ ಊದಿಸಿಕೊಂಡಿದ್ದ ಅತ್ತೆ. ಸೊಸೆಯೂ ಕಡಿಮೆಯೇನಲ್ಲ, ಲ್ಯಾಪ್‌ಟಾಪಿನ ದೂಳು ಒರೆಸಲೂ ಅವರನ್ನು ಬಿಟ್ಟವಳಲ್ಲ.

"ಅತ್ತೆ, ಬೇಗ ಬನ್ನಿ! ಐದೈದು ನಿಮಿಷಕ್ಕೆ ಈ ಬಾಣದ ಕೀ ಒಂದ್ಸಲ ಒತ್ತಿ. ಬೇರೆ ಏನೂ ಮುಟ್ಬೇಡಿ. ನಾನು ಸಾಹೇಬ್ರ ಹತ್ರ ನಂಬರ್ ಇಸ್ಕೊಂಡು ಬರೋವರೆಗೂ ಏಳ್ಲೇಬೇಡಿ."

"ನಾನಾ? ಇದನ್ನ ಮುಟ್ಟಿದ್ರೆ ಕೈ ಮುರೀತೀಯ ಅಂದ್ಕೊಂಡಿದ್ದೆ!"

"ದಮ್ಮಯ್ಯ ಅತ್ತೆ!"

ಅತ್ತೆ ಗೋಡೆ ಗಡಿಯಾರ ನೋಡಿಕೊಂಡು, ಕೈ ಒರೆಸಿಕೊಂಡು ಕೂತರು.

ದಾರಿಯುದ್ದಕ್ಕೂ ಸೊಸೆಗೆ ಒಂದೇ ಭಯ. ಬೇರೆ ಕೀ ಒತ್ತಿಬಿಟ್ಟರೆ? ಯಾರೋ ಬಾಗಿಲು ಬಡಿದರೆಂದು ಎದ್ದುಬಿಟ್ಟರೆ? ಸಭೆಗೆ ನುಗ್ಗಿದಾಗ ಮುಖ್ಯಸ್ಥರು ಕಣ್ಣು ಕೆಂಪಗೆ ಮಾಡಿದರೂ ಸಂಖ್ಯೆ ಹೇಳಿದರು. ಕಾಗದ ಹುಡುಕುವಷ್ಟು ತಾಳ್ಮೆ ಯಾರಿಗಿತ್ತು? ಅಂಗೈಯಲ್ಲೇ ಬರೆದುಕೊಂಡಳು. ಬೆವರಿಗೆ ಶಾಯಿ ಹರಡತೊಡಗಿತು. ಅಂಕಿಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ, ಕಂಡವರು ಹುಚ್ಚಿಯೆಂದುಕೊಳ್ಳುವ ಹಾಗೆ ಓಡಿದಳು.

ಬಾಗಿಲು ತೆರೆದರೆ ಸುಟ್ಟ ವಾಸನೆ, ಮನೆ ತುಂಬ ಹೊಗೆ. ಎಲ್ಲ ಮುಗಿಯಿತು, ಎದ್ದು ಹೋಗಿದ್ದಾರೆ ಅಂದುಕೊಂಡಳು.

ಅತ್ತೆ ಕೂತಲ್ಲೇ ಇದ್ದರು. ಹೊಗೆಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನೋಟ ಗೋಡೆ ಗಡಿಯಾರದ ಮೇಲೆ, ಬೆರಳು ಬಾಣದ ಕೀ ಮೇಲೆ.

ಸೊಸೆ ಒಲೆಯ ಕಡೆ ಓಡಲು ಹೊರಟಳು.

"ಮೊದ್ಲು ನಿನ್ನ ನಂಬರ್ ಹಾಕು," ಎಂದು ಅತ್ತೆ ಗದರಿದರು.

ಹಾಕಿದಳು. ಗಡಿಯಾರ ಸರಿಹೋಯಿತು, ಪ್ರಮಾಣಪತ್ರ ಒಳಗೆ ಬಿಟ್ಟಿತು, ರಕ್ತನಿಧಿಯ ಪಟ್ಟಿ ತೆರೆದುಕೊಂಡಿತು. ಆಮೇಲೆ ಓಡಿಹೋಗಿ ಒಲೆ ಆರಿಸಿದಳು. ಪಾತ್ರೆಯ ತಳ ಕರಿಹಿಡಿದಿತ್ತು.

"ಹಾಲು ಉಕ್ಕಿದ್ದು ಗೊತ್ತಾಗ್ಲಿಲ್ವಾ ಅತ್ತೆ?"

"ಗೊತ್ತಾಗ್ದೇ ಏನು, ಇಲ್ಲಿಂದ್ಲೇ ನೋಡ್ತಿದ್ದೆ. ನೀನು ಏಳ್ಬೇಡಿ ಅಂದಿದ್ಯಲ್ಲ."

ಸೊಸೆಗೆ ನಾಚಿಕೆಯಾಯಿತು, ಅಳುವೂ ಬಂತು. ಕರಿ ಪಾತ್ರೆ ಹಿಡಿದು ನಿಂತಳು. ಅತ್ತೆ ಕೀ ಮೇಲಿನ ಬೆರಳು ತೆಗೆಯದೆ ಕೇಳಿದರು:

"ಈಗ ಏಳ್ಲಾ?"