ಎಂಟು ಗಂಟೆಯ ಮಾತ್ರೆ

ಆ ಸೋಮವಾರ ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂದಾಗ ನಾನು ಬಚ್ಚಲಲ್ಲಿ ಮೂತ್ರದ ಜಗ್ಗನ್ನು ಬೆಳಕಿಗೆ ಹಿಡಿದು ಗೆರೆ ನೋಡುತ್ತಿದ್ದೆ. ಕಿಡ್ನಿ ಕಸಿಯಾಗಿ ನಾಲ್ಕು ತಿಂಗಳಾದ ಮೇಲೂ ಅಳೆಯಬೇಕೆಂದು ಯಾರೂ ಹೇಳಿರಲಿಲ್ಲ. ಅಳೆಯದಿದ್ದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಅಷ್ಟೆ.

ಫೋನ್ ಮಾಡಿದವರು ಚಿಕ್ಕ ಡಾಕ್ಟರು. ದೊಡ್ಡ ಡಾಕ್ಟರ ಕೈಕೆಳಗೆ ಇರುವುದರಿಂದ ನಾವೆಲ್ಲ ಹಾಗೆ ಕರೆಯುತ್ತೇವೆ. ಬೆಳಗ್ಗೆ ಕೊಟ್ಟ ರಕ್ತದಲ್ಲಿ ಕ್ರಿಯಾಟಿನಿನ್ ಒಂದು ಪಾಯಿಂಟ್ ಆರು ಇದೆ ಎಂದರು. ಕಿಡ್ನಿ ಸೋಸದೆ ಬಿಟ್ಟ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಹೇಳುವ ಅಂಕೆ ಅದು. ಎರಡು ವಾರದ ಹಿಂದೆ ಒಂದು ಪಾಯಿಂಟ್ ಒಂದು ಇತ್ತು. ಆಗ ರಕ್ತದಲ್ಲಿ ಔಷಧದ ಪ್ರಮಾಣ ವಿಪರೀತ ಇದೆಯೆಂದು ಹೊತ್ತಿಗೆ ಮೂರಿದ್ದ ಮಾತ್ರೆಯನ್ನು ಎರಡಕ್ಕೆ ಇಳಿಸಿದ್ದರು. ಬಹುಶಃ ಆ ಔಷಧವೇ ಕಿಡ್ನಿಗೆ ಭಾರವಾಗುತ್ತಿದೆ, ಇವತ್ತು ರಾತ್ರಿಯಿಂದ ಒಂದೇ ಒಂದು ತಗೊಳ್ಳಿ, ಇವತ್ತಿನ ಔಷಧದ ರಿಪೋರ್ಟು ಬುಧವಾರ ಬರುತ್ತದೆ, ಆಮೇಲೆ ನೋಡೋಣ ಎಂದರು. ಬರೆದುಕೊಂಡಿರಾ ಎಂದು ತಾಳ್ಮೆಯಿಂದ ಕೇಳಿದರು. ಬರೆದುಕೊಂಡೆ ಎಂದೆ.

ಬರೆದುಕೊಂಡು ಮಂಚದ ಅಂಚಿಗೆ ಕೂತೆ. ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು.

ಆ ಮಾತ್ರೆಯ ಕೆಲಸ ಕಿಡ್ನಿಯನ್ನು ನನ್ನಿಂದಲೇ ಕಾಯುವುದು. ಹೊಸ ಕಿಡ್ನಿಯನ್ನು ನನ್ನ ಮೈ ಪರಕೀಯವೆಂದು ಬಗೆದು ಮೇಲೆ ಬೀಳದಂತೆ ಅದು ತಡೆಯುತ್ತದೆ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಒಂದೇ ಹಾಳೆಯಲ್ಲಿ ಎರಡು ಮಾತು ಬರೆದುಕೊಟ್ಟಿದ್ದರು. ಬೆಳಗ್ಗೆ ಎಂಟು, ಸಂಜೆ ಎಂಟು, ಹೊತ್ತು ತಪ್ಪಕೂಡದು ಎನ್ನುವುದು ಒಂದು. ರಕ್ತ ಪರೀಕ್ಷೆಯ ದಿನ ಮಾತ್ರ ರಕ್ತ ಕೊಟ್ಟ ಮೇಲೆ ಮಾತ್ರೆ, ಮೊದಲೇ ನುಂಗಿದರೆ ಆಗಷ್ಟೇ ನುಂಗಿದ್ದನ್ನೇ ಅಳೆದಂತಾಗುತ್ತದೆ ಎನ್ನುವುದು ಇನ್ನೊಂದು. ಮೊದಲ ಮೂರು ತಿಂಗಳು ಹಳೆಯ ವಾರ್ಡಿನಲ್ಲೇ ಎಂಟಕ್ಕೆ ಮುಂಚೆ ರಕ್ತ ತೆಗೆಯುತ್ತಿದ್ದರು, ಎರಡು ಮಾತಿಗೂ ಜಗಳವಿರಲಿಲ್ಲ. ಆಮೇಲೆ ರಕ್ತ ತೆಗೆಯುವ ಕೌಂಟರನ್ನು ಹೊಸ ಕಟ್ಟಡಕ್ಕೆ ಸಾಗಿಸಿದರು. ಅಲ್ಲಿ ಟೋಕನ್, ಸಾಲು, ನನ್ನ ಸರದಿ ಬರುವಾಗ ಒಂಬತ್ತೂಕಾಲು.

ಎರಡು ವಾರದ ಹಿಂದೆ ಮೊದಲ ಸಲ ಆ ಸಾಲಿನಲ್ಲಿ ಕೂತಿದ್ದಾಗ ಎಂಟಕ್ಕೆ ಅಲಾರಂ ಹೊಡೆದುಕೊಂಡಿತು. ನನ್ನ ತಂಗಿ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕಿಕೊಂಡು ಹೋಗಿದ್ದಳು. ಮೂವತ್ತೊಂದು ವರ್ಷ ಕಾಲೇಜಿನ ಲೈಬ್ರರಿಯಲ್ಲಿ ತಾರೀಖಿನ ಮುದ್ರೆ ಒತ್ತಿದವಳು ನಾನು. ತಡವಾಗುವುದೆಂದರೆ ನನಗೆ ಮೈಯೆಲ್ಲ ಮುಳ್ಳು. ನೀರಿನ ಬಾಟಲಿಯ ಮುಚ್ಚಳ ತೆಗೆದು ಮಾತ್ರೆ ನುಂಗಿಬಿಟ್ಟೆ. ಔಷಧ ಹೆಚ್ಚಾಗಿದೆ ಎಂಬ ರಿಪೋರ್ಟು ಬಂದಾಗ ನಾನು ಮೊದಲೇ ನುಂಗಿದ್ದಕ್ಕೇ ಇರಬಹುದೇ ಎಂದು ಅನುಮಾನ ಬಂತು, ನಿಜ. ಒಂದು ಗಂಟೆಯಲ್ಲಿ ಏನು ಮಹಾ ಆಗಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡನೇ ಸಲ, ಅಂದರೆ ಈ ಬೆಳಗ್ಗೆ, ಮತ್ತೆ ಹಾಗೇ ಮಾಡಿದೆ. ಈ ಸಲ ನುಂಗದಿದ್ದರೆ ಮೊದಲ ಸಲದ್ದು ತಪ್ಪೆಂದು ಒಪ್ಪಿಕೊಂಡಂತಾಗುತ್ತಿತ್ತು. ಅದು ನನ್ನಿಂದಾಗಲಿಲ್ಲ.

ಕಿಡ್ನಿ ನನ್ನ ತಂಗಿಯದು. ಶಾಲೆಗಳಿಗೆ ಸಮವಸ್ತ್ರ ಹೊಲಿಯುವುದು ಅವಳ ಕೆಲಸ. ಆಪರೇಷನ್ ಆದ ಆರನೇ ವಾರಕ್ಕೇ ಹೊಟ್ಟೆಗೆ ದಿಂಬು ಒತ್ತಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ದಿನಕ್ಕೆರಡು ಬಾರಿ ನನ್ನ ಕೋಣೆಯ ಬಾಗಿಲಿಗೆ ಬಂದು, “ತಗೊಂಡ್ಯಾ?” ಎಂದು ಪೊಲೀಸಿನವರ ಗತ್ತಿನಲ್ಲಿ ಕೇಳುತ್ತಿದ್ದಳು. ನೀರು ಕಡಿಮೆ ಕುಡಿದರೆ ಬೈಗುಳ, ಮಾಸ್ಕ್ ಇಲ್ಲದೆ ಗೇಟಿಗೆ ಹೋದರೆ ಬೈಗುಳ. ಅವಳ ಮೈಯ ತುಂಡೊಂದನ್ನು ನನ್ನ ಹೊಟ್ಟೆಯಲ್ಲಿಟ್ಟುಕೊಂಡು, ನಾನೇ ಅದನ್ನು ಹಾಳು ಮಾಡುತ್ತಿದ್ದೇನೇನೋ ಎಂದು ಅವಳಿಗೆ ಯಾವ ಬಾಯಿಂದ ಹೇಳಲಿ?

ಮಡಚಿಟ್ಟ ಬಟ್ಟೆಗಳನ್ನೇ ಬಿಡಿಸಿ ಮತ್ತೆ ಮಡಚಿದೆ. ಗಂಟೆ ಮೂರೂವರೆ ದಾಟಿತು. ಆಗ ಕಂಡಕ್ಟರ್ ನೆನಪಾದರು.

ಎರಡೂವರೆ ವರ್ಷ, ವಾರಕ್ಕೆ ಮೂರು ಮಧ್ಯಾಹ್ನ, ಡಯಾಲಿಸಿಸ್ ವಾರ್ಡಿನಲ್ಲಿ ನನ್ನ ಪಕ್ಕದ ಕುರ್ಚಿ ಅವರದು. ಬಸ್ಸಿನ ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ವಾರ್ಡಿನಲ್ಲಿ ಯಾರೂ ಅವರನ್ನು ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ. ನರ್ಸಮ್ಮ ಯಂತ್ರ ಶುರು ಮಾಡಿದ ಕೂಡಲೇ “ರೈಟ್ ರೈಟ್” ಅನ್ನುತ್ತಿದ್ದರು. ಒಮ್ಮೆ ನನ್ನ ಬಿ.ಪಿ. ಕುಸಿದು ನಾಲಿಗೆ ಏಳದಾದಾಗ ಅವರೇ ನನ್ನ ಮುಖ ನೋಡಿ, ಇಡೀ ವಾರ್ಡು ನಡುಗುವಂತೆ “ಹೋಲ್ಡಾನ್” ಎಂದು ಕೂಗಿ ನರ್ಸಮ್ಮನನ್ನು ಓಡಿಸಿದ್ದರು. ಆ ಕೋಣೆಯ ಚಳಿಗೆಂದು ಸದಾ ಎರಡು ಜೊತೆ ಕಾಲುಚೀಲ ತರುತ್ತಿದ್ದರು. ಒಂದು ಜೊತೆ ಯಾರು ಮರೆತು ಬಂದಿರುತ್ತಾರೋ ಅವರಿಗೆ.

ವಾರ್ಡಿನಲ್ಲಿ ನಮ್ಮದೇ ಒಂದು ರೂಢಿಯಿತ್ತು. ಕಸಿಗೆಂದು ಹೊರಟವರು “ಬರ್ತೀನಿ” ಅನ್ನುವ ಹಾಗಿಲ್ಲ, “ಹೋಗ್ತೀನಿ” ಎಂದೇ ಹೇಳಿ ಹೋಗಬೇಕು. ಕಂಡಕ್ಟರಿಗೆ ಒಮ್ಮೆ ಹೆಂಡತಿಯ ಕಿಡ್ನಿ ಹಾಕಿದ್ದರು. ಆರು ವರ್ಷ ನಡೆದು ನಿಂತುಹೋಗಿ ಅವರು ಮತ್ತೆ ಯಂತ್ರಕ್ಕೇ ಬಂದಿದ್ದರು. ಹೋದ ಸಲ ಬಾಯಿ ತಪ್ಪಿ ಬರ್ತೀನಿ ಅಂದುಬಿಟ್ಟಿದ್ದೆ, ಅದಕ್ಕೇ ಬಂದೆ ಎಂದು ನಗಿಸುತ್ತಿದ್ದರು.

ನಾನು ಹೋಗ್ತೀನಿ ಎಂದು ಹೇಳಿ ಬಂದವಳು ನಾಲ್ಕು ತಿಂಗಳಿಂದ ಅವರಿಗೆ ಒಂದು ಫೋನ್ ಕೂಡ ಮಾಡಿರಲಿಲ್ಲ. ಸೋಂಕಿನ ಭಯಕ್ಕೆ ವಾರ್ಡಿಗೆ ಹೋಗುವಂತಿರಲಿಲ್ಲ, ಸರಿ. ಫೋನಿಗೆ ಯಾವ ಸೋಂಕು? ಕಿಡ್ನಿ ಕಳೆದುಕೊಂಡವರ ದನಿ ಕೇಳಿದರೆ ಅವರಿಗಾದದ್ದು ನನಗೂ ಅಂಟೀತು ಎಂದು ಒಳಗೊಳಗೇ ಹೆದರಿದ್ದೆ. ಓದಿಕೊಂಡವಳು ನಾನು. ಹಾಗೆ ಹೆದರಿದ್ದಕ್ಕೆ ನಾಚಿಕೆಯಾಗುತ್ತದೆ.

ಫೋನ್ ಎತ್ತಿದರು. ಹಿಂದೆ ಯಂತ್ರದ ಪರಿಚಿತ ಗುರುಗುರು.

“ಏನು ಲೈಬ್ರರಿ ಮೇಡಂ, ನಾನು ಯಾವುದಾದ್ರೂ ಪುಸ್ತಕ ವಾಪಸ್ ಕೊಟ್ಟಿಲ್ವಾ?”

ಇಷ್ಟು ದಿನ ಯಾಕೆ ಮಾಡಲಿಲ್ಲ ಎಂದು ಅವರು ಕೇಳಲಿಲ್ಲ. ನಾನು ಅಂಕೆಗಳನ್ನು ಹೇಳಿದೆ, ಇವತ್ತು ರಾತ್ರಿಯಿಂದ ಒಂದೇ ಮಾತ್ರೆಯಂತೆ ಎಂದೆ. ಮಿಕ್ಕದ್ದನ್ನು ಹೇಳಲಿಲ್ಲ. ಅವರು, ಎಲ್ಲಿ ಹತ್ತಿದಿರಿ, ಎಲ್ಲಿ ಇಳಿಯುತ್ತೀರಿ ಎಂದು ಪ್ರಯಾಣಿಕರನ್ನು ಕೇಳುವ ದನಿಯಲ್ಲಿ ಕೇಳಿದರು.

“ಮಾತ್ರೆ ಎಷ್ಟು ಗಂಟೆಗೆ? ಸೂಜಿ ಎಷ್ಟು ಗಂಟೆಗೆ?”

“ಎಂಟಕ್ಕೆ. ಸೂಜಿ ಒಂಬತ್ತೂಕಾಲಿಗೆ.”

“ಎರಡು ಸಲವೂ?”

“ಹೂಂ.”

ಯಂತ್ರ ಗುರುಗುಟ್ಟುತ್ತಲೇ ಇತ್ತು. ಅವರು ದನಿ ತಗ್ಗಿಸಿ ಹೇಳಿದರು. ಆ ಮಾತ್ರೆಯಿಂದ ಅವರಿಗೆ ಕೈ ನಡುಕ ಬಂದಿತ್ತಂತೆ. ಟಿಕೆಟ್ ಹರಿದು ಕೊಡುವಾಗ ಕೈ ನಡುಗಿದರೆ ಜನ ಕುಡಿದಿದ್ದಾನೆ ಅನ್ನುತ್ತಿದ್ದರಂತೆ. ಅದಕ್ಕೆ ಡ್ಯೂಟಿಯ ದಿನ ಬೆಳಗಿನ ಮಾತ್ರೆ ಬಿಟ್ಟುಬಿಡುತ್ತಿದ್ದರು. ಡಾಕ್ಟರು ಕೇಳಿದರೆ ತಗೊಂಡಿದ್ದೇನೆ ಎನ್ನುತ್ತಿದ್ದರು. ಎಂಟು ತಿಂಗಳು ಹೀಗೇ.

“ನನ್ನದು ಹೋಗಿದ್ದು ಮಾತ್ರೆ ಬಿಟ್ಟಿದ್ದಕ್ಕೆ ಮಾತ್ರ ಅಲ್ಲ ಮೇಡಂ, ಬಾಯಿ ಬಿಡದೇ ಇದ್ದಿದ್ದಕ್ಕೆ. ಹೇಳಿದ್ರೆ ಅವರು ಬೇರೆ ಏನಾದ್ರೂ ದಾರಿ ನೋಡ್ತಿದ್ರು. ನಮ್ಮನೆಯವಳು ಇವತ್ತಿಗೂ ಹಣೆಬರಹ ಅಂದ್ಕೊಂಡಿದ್ದಾಳೆ. ಅವಳಿಗೆ ಹೇಳಿಲ್ಲ. ನಿಮಗೇ ಮೊದಲು ಹೇಳ್ತಿರೋದು.”

ನಾನು ಗಡಿಯಾರ ನೋಡುತ್ತಿರುವಾಗ ಅವರೇ ಮುಂದುವರಿಸಿದರು.

“ಎಂಟಕ್ಕೆ ಇನ್ನೂ ನಾಲ್ಕು ಗಂಟೆ ಇದೆ. ಫೋನ್ ಇಟ್ಟು ಅಲ್ಲಿಗೆ ಮಾಡಿ. ಏನಂದ್ರು ಅಂತ ಆಮೇಲೆ ನಂಗೆ ಹೇಳಿ. ಆರರ ತನಕ ನಾನಂತೂ ಎಲ್ಲಿಗೂ ಹೋಗಲ್ಲ, ಕಟ್ಟಿಹಾಕಿದ್ದಾರೆ.”

ಕಸಿ ವಿಭಾಗದ ನಂಬರು ಒತ್ತಿದೆ. ಅಲ್ಲಿಯ ನರ್ಸಮ್ಮ ಎತ್ತಿಕೊಂಡರು. ನಾನು ಶುರು ಮಾಡಿ ನಡುವೆ ನಿಂತೆ. ಆಕೆ, ಒಂದು ನಿಮಿಷ, ಪೆನ್ನು ತಗೋತೀನಿ, ನಿಧಾನಕ್ಕೆ ಹೇಳಿ ಎಂದರು. ಆ ನಿಧಾನಕ್ಕೆ ಎಂಬ ಮಾತನ್ನು ಹಿಡಿದುಕೊಂಡೇ ನಾನು ಕೊನೆಯವರೆಗೆ ಹೇಳಿದೆ. ಬೈಯಲಿಲ್ಲ. ಹತ್ತು ನಿಮಿಷ ಬಿಟ್ಟು ಅವರೇ ಮಾಡಿದರು. ದೊಡ್ಡ ಡಾಕ್ಟರಿಗೆ ಹೇಳಿದ್ದಾಯಿತು, ಔಷಧದ ಎರಡೂ ರಿಪೋರ್ಟನ್ನು, ಹಿಂದೆ ಬಂದದ್ದನ್ನೂ ಬುಧವಾರ ಬರುವುದನ್ನೂ, ನಂಬುವ ಹಾಗಿಲ್ಲ, ಆಗ ಔಷಧ ಹೆಚ್ಚಾಗಿರಲಿಕ್ಕಿಲ್ಲ, ಈಗ ಕಡಿಮೆಯೇ ಆಗಿರಬಹುದು. ರಾತ್ರಿ ಒಂದಕ್ಕೆ ಇಳಿಸಬೇಡಿ, ಎರಡೇ ಇರಲಿ. ನಾಳೆ ಮಾತ್ರೆ ನುಂಗದೆ ಬಂದು ರಕ್ತ ಕೊಡಿ. ಅಂಕೆ ಇನ್ನೂ ಏರಿದ್ದರೆ ಅಡ್ಮಿಟ್ ಆಗಬೇಕು, ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡಬೇಕು.

ಫೋನ್ ಇಟ್ಟು ತಿರುಗಿದರೆ ತಂಗಿ ಬಾಗಿಲಲ್ಲಿ ನಿಂತಿದ್ದಳು. ಕೊರಳಲ್ಲಿ ಅಳತೆಯ ಟೇಪು, ತುಟಿಯಲ್ಲಿ ಗುಂಡುಪಿನ್ನು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಪಿನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡಳು.

“ನಂಗೆ ಹೆದರಿ ಹೇಳ್ಲಿಲ್ವಾ ಅಕ್ಕಾ?”

ಹೌದೆಂದು ತಲೆಯಾಡಿಸಿದೆ. ಅವಳು ಒಳಗೆ ಬಂದು ಮಂಚದ ಮೇಲೆ, ನನ್ನಿಂದ ಒಂದು ಮೊಳ ದೂರದಲ್ಲಿ ಕೂತಳು.

“ಕೊಟ್ಮೇಲೆ ಅದರ ಸುದ್ದಿನೇ ಎತ್ತಬಾರದು ಅಂತ ಅಂದ್ಕೊಂಡಿದ್ದೆ. ಕೊಟ್ಟೋಳು ನಾನು ಅನ್ನೋ ಹಾಗೆ ಆಗಬಾರದು ಅಂತ. ಆದ್ರೆ ಭಯ ಆಗತ್ತೆ ಕಣೇ. ನೀನು ಹೇಗಿದ್ದೀಯಾ ಅಂತ ಕೇಳೋಕೆ ಹೋದ್ರೆ ಬೈಗುಳನೇ ಬರತ್ತೆ.”

ಆರಕ್ಕೆ ಮುಂಚೆ ಕಂಡಕ್ಟರಿಗೆ ನಾನು ಫೋನ್ ಮಾಡಿದಾಗ ಅವಳು ಅದನ್ನು ಕಿತ್ತುಕೊಂಡು, ಸಮಯಕ್ಕೆ ಸರಿಯಾಗಿ ಬುದ್ಧಿ ಹೇಳಿದಿರಂತೆ, ಉಪಕಾರವಾಯಿತು ಎಂದಳು. ಅವರು ಏನೋ ಹೇಳಿದರು. ಇವಳು ಎಷ್ಟೋ ದಿನದ ಮೇಲೆ ನಕ್ಕಳು.

ರಾತ್ರಿ ಎರಡು ಮಾತ್ರೆ ನುಂಗಿದೆ. ನಿದ್ದೆ ಬರಲಿಲ್ಲ. ಕಿಬ್ಬೊಟ್ಟೆಯ ಬಲಗಡೆ, ಅವರು ಕಿಡ್ನಿ ಕೂರಿಸಿದ ಜಾಗದ ಮೇಲೆ ಕೈಯಿಟ್ಟುಕೊಂಡು ಮಲಗಿದ್ದೆ. ನೋವಿದೆಯೋ, ನೋವೆಂಬ ಭ್ರಮೆಯೋ ತಿಳಿಯದು.

ಬೆಳಗ್ಗೆ ಏಳೂಕಾಲಿಗೇ ಹೊಸ ಕಟ್ಟಡದ ಹಜಾರದಲ್ಲಿದ್ದೆವು. ಆಗಲೇ ಸಾಲು. ಟೋಕನ್ ಇಪ್ಪತ್ತೆಂಟು. ಮಾತ್ರೆಯ ಡಬ್ಬಿಯನ್ನು ತಂಗಿ ತನ್ನ ಚೀಲಕ್ಕೆ ಹಾಕಿ ಜಿಪ್ ಎಳೆದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನರ್ಸಮ್ಮ ಕೌಂಟರಿಗೆ ಹೇಳಿಟ್ಟಿರುತ್ತೇನೆ ಎಂದಿದ್ದರು, ಆದರೆ ಕೌಂಟರಿನವರಿಗೆ ಏನೂ ತಲುಪಿರಲಿಲ್ಲ.

ಎಂಟಕ್ಕೆ ನನ್ನ ಫೋನು ಹೊಡೆದುಕೊಂಡಿತು. ಅದೇ ಗಳಿಗೆಗೆ ಎದುರು ಬೆಂಚಿನಲ್ಲೊಂದು, ಕಿಟಕಿಯ ಹತ್ತಿರ ಒಂದು, ನನ್ನ ಹಿಂದೆ ಒಂದು ಫೋನು ಬೇರೆ ಬೇರೆ ರಾಗದಲ್ಲಿ ಹೊಡೆದುಕೊಂಡವು. ತಲೆಯೆತ್ತಿ ನೋಡಿದೆ. ನನ್ನನ್ನೂ ಸೇರಿ ಮಾಸ್ಕ್ ಹಾಕಿಕೊಂಡ ನಾಲ್ಕು ಜನ. ಹಿಂದಿನ ಎರಡು ಸಲವೂ ಇಲ್ಲಿ ಕೂತು ನನ್ನ ಅಲಾರಂ ಒಂದನ್ನೇ ಕೇಳಿಸಿಕೊಂಡಿದ್ದೆ. ಕಿಟಕಿಯ ಹತ್ತಿರದ ಮುದುಕರು ಅಲಾರಂ ನಿಲ್ಲಿಸಿ ಕೈಕಟ್ಟಿ ಕೂತರು. ಹಿಂದಿನವರೂ ಸುಮ್ಮನಾದರು. ಎದುರು ಬೆಂಚಿನ ಹುಡುಗಿ, ಇಪ್ಪತ್ತೈದು ಇದ್ದೀತು, ಕೊರಳಲ್ಲಿ ಯಾವುದೋ ಆಫೀಸಿನ ಐಡಿ ಕಾರ್ಡು, ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಅಂಗೈಯಲ್ಲಿದ್ದ ಮಾತ್ರೆಯನ್ನು ಬಾಯಿಯ ಹತ್ತಿರ ತಂದಿದ್ದಳು.

ಅಪರಿಚಿತರನ್ನು ಮುಟ್ಟಬಾರದೆಂಬುದು ನನ್ನ ನಿಯಮಗಳಲ್ಲೊಂದು. ಎದ್ದು ಹೋಗಿ ಅವಳ ಮಣಿಕಟ್ಟು ಹಿಡಿದೆ.

“ರಕ್ತ ಕೊಟ್ಟಾಯ್ತೇನಮ್ಮ?”

“ಇಲ್ಲ ಆಂಟಿ, ಟೋಕನ್ ನಲವತ್ತು. ಆದ್ರೆ ಎಂಟಾಯ್ತಲ್ಲ.”

“ಹೋದ ಸಲ?”

ಅವಳು ನನ್ನ ಮುಖ ನೋಡಿದಳು. ನನ್ನ ಕಣ್ಣಲ್ಲಿ ಅವಳಿಗೆ ಏನು ಕಂಡಿತೋ, ಅಂಗೈ ಮುಚ್ಚಿಕೊಂಡಳು. ಹೊಸ ಕಟ್ಟಡಕ್ಕೆ ಬಂದ ಮೇಲೆ ಪ್ರತಿ ಸಲವೂ ಹೀಗೇ ಎಂದು ಮೆಲ್ಲಗೆ ಹೇಳಿದಳು. ಅವಳ ಮಾತ್ರೆಯನ್ನೂ ಇಳಿಸಿದ್ದರು. ಕಿಡ್ನಿ ಅವಳ ತಾಯಿಯದು. ಅಮ್ಮನಿಗೆ ಗೊತ್ತಾದರೆ ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದಳು.

“ನಾನೂ ಎರಡು ಸಲ ಹೀಗೇ ಮಾಡಿದ್ದೆ. ರಕ್ತ ಕೊಟ್ಟು ಒಳಗೆ ಡಾಕ್ಟರ ಹತ್ರ ಅದನ್ನೇ ಹೇಳೋಕೆ ಹೋಗ್ತಿದ್ದೀನಿ,” ಎಂದೆ. “ನಿನ್ನದೂ ಆಗೋವರೆಗೆ ಕಾಯ್ತೀನಿ. ಒಟ್ಟಿಗೇ ಹೋಗೋಣ.”

ತಂಗಿ ಬೆಂಚಿನಲ್ಲಿ ಆಚೆ ಸರಿದು ಅವಳಿಗೆ ಜಾಗ ಮಾಡಿದಳು. ಚೀಲದ ಜಿಪ್ ತೆರೆದು, ನಿನ್ನದೂ ಇದರಲ್ಲಿ ಹಾಕಮ್ಮ, ಕೈ ಬೆವರಿಗೆ ಕರಗಿಹೋಗತ್ತೆ ಎಂದಳು.

ಇಬ್ಬರೂ ರಕ್ತ ಕೊಟ್ಟು, ಮಾತ್ರೆ ನುಂಗಿ, ದೊಡ್ಡ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆವು. ಮಧ್ಯಾಹ್ನ ಹನ್ನೆರಡೂವರೆಗೆ ನನ್ನ ಅಂಕೆ ಬಂತು. ಒಂದು ಪಾಯಿಂಟ್ ಆರು. ಇಳಿದಿರಲಿಲ್ಲ, ಏರಿರಲೂ ಇಲ್ಲ. ಸದ್ಯಕ್ಕೆ ಅಡ್ಮಿಟ್ ಬೇಡ, ಔಷಧದ ರಿಪೋರ್ಟು ತುರ್ತಾಗಿ ತರಿಸುತ್ತೇನೆ, ಸಂಜೆಯೊಳಗೆ ಹೇಳುತ್ತೇನೆ ಎಂದರು ದೊಡ್ಡ ಡಾಕ್ಟರು. ಹುಡುಗಿಯದು ಇನ್ನೂ ಬಂದಿರಲಿಲ್ಲ. ಅವಳು ಫೋನನ್ನು ಕೈಯಲ್ಲಿ ಹಿಡಿದು, ಅಮ್ಮನ ಹೆಸರಿನ ಮೇಲೆ ಹೆಬ್ಬೆರಳಿಟ್ಟುಕೊಂಡು, ಒತ್ತದೆ ಕೂತಿದ್ದಳು. ಮನೆಗೆ ಹೋಗೋಣವಾ ಎಂದು ತಂಗಿಯನ್ನು ಕೇಳಿದೆ. ಅವಳು ಹುಡುಗಿಯ ಕಡೆ ನೋಡಿ, ಇನ್ನು ಸ್ವಲ್ಪ ಹೊತ್ತು ಕೂರೋಣ ಅಂದಳು.