ತಲೆಯ ಹಿಂದಿನ ಬೆಳಕು

"ಊದಿನಕಡ್ಡಿ ಆರಿಸವ್ವ ತಿಮ್ಮವ್ವ, ಅವ ದೇವರಲ್ಲ," ಎಂದರು ಪಂಪಣ್ಣ ಮಾಸ್ತರು.

ತಿಮ್ಮವ್ವ ಆರಿಸಲಿಲ್ಲ. ಟೀವಿಯಲ್ಲಿ ದೇವರು ಬಂದರೆ ಚಪ್ಪಲಿ ಹೊರಗೆ ಬಿಟ್ಟು ಊದಿನಕಡ್ಡಿ ಹಚ್ಚುವುದು ಆ ವರ್ಷಗಳಲ್ಲಿ ನಮ್ಮ ಕಡೆಯ ರೂಢಿ. ಅವತ್ತು ಅಮಾವಾಸ್ಯೆ, ನೊಗ ಹೂಡದ ದಿನ. ಜೀತದ ಆಳುಗಳಿಗೂ ಮಧ್ಯಾಹ್ನ ಒಂದಿಷ್ಟು ಬಿಡುವು. ಅದಕ್ಕೇ ಜೀತ ಬಿಡಿಸುವ ಸಂಘದ ಮಾಸ್ತರು ಸಿಂಧನೂರಿನಿಂದ ಬಾಡಿಗೆ ವಿಡಿಯೊ ತಂದು, ಸಾಲೆಯ ಕಿಟಕಿಗಳಿಗೆ ಗೋಣಿತಟ್ಟು ಕಟ್ಟಿ, ರೋಮಿನ ಗುಲಾಮರು ದಣಿಗಳಿಗೆ ತಿರುಗಿಬಿದ್ದ ಸಿನಿಮಾ ಹಾಕಿದ್ದರು.

ಸಂಜೆ ಜೀತದ ವಿಚಾರಣೆಗೆ ಚಾವಡಿಗೆ ತಹಶೀಲ್ದಾರರು ಬರುವವರಿದ್ದರು. ತಿಮ್ಮವ್ವನ ಮಗ ಅಂಬಪ್ಪ ಅವರೆದುರು 'ನಾ ಜೀತಕ್ಕ ಅದೀನಿ' ಎಂದರೆ ಸಾಕು, ಬಿಡುಗಡೆ. 'ಮನಿ ಮಗ ಇದ್ದಂಗ ಅದೀನಿ ಅನ್ನು' ಎಂದು ದಣಿ ಆಗಲೇ ಹೇಳಿಕೊಟ್ಟಿದ್ದ.

ಟೀವಿಯಲ್ಲಿ ಸೋತ ಗುಲಾಮ ಶಿಲುಬೆಯ ಮೇಲಿದ್ದ. ಕೈ ಚಾಚಿತ್ತು, ಕತ್ತು ವಾಲಿತ್ತು. ಕೆಳಗೊಬ್ಬ ಮುದುಕಿ ಅವನ ಪಾದ ಒರೆಸುತ್ತಿದ್ದಳು.

"ದೇವರಲ್ಲದಿದ್ರ ತಲೀ ಹಿಂದ ಬೆಳಕು ಯಾಕ ಬರ್ತೈತ್ರಿ ಮಾಸ್ತರ? ಮಸ್ಕಿ ಚರ್ಚಿನಾಗ ನಾ ನೋಡೀನಿ. ಹಿಂಗ ಅದಾನ."

"ಆ ಏಸಪ್ಪ ಬ್ಯಾರೆ. ಇವ ಏಸಪ್ಪ ಹುಟ್ಟೂಕಿಂತ ಮೊದಲ ಸತ್ತಾವ. ಸಿನಿಮಾದವರು ಆ ರೂಪ ಇವಗ ತೊಡಿಸ್ಯಾರ. ಹಿಂದ ದೊಡ್ಡ ಲೈಟ್ ಇಟ್ಟಾರ, ಅಷ್ಟ."

"ಇರಲೇಳ್ರಿ. ತಡಕೊಂಡಾವ ದೇವರಾದ." ತಿಮ್ಮವ್ವ ಮಗನ ಕಡೆ ತಿರುಗಿದಳು. "ನೋಡಿದೇನೋ ಅಂಬ್ಯಾ? ನೀನೂ ದಣಿ ಹೇಳಿದಂಗ ಅಂದು ಬಂದುಬಿಡು. ತಡಕೊಂಡ್ರ ಕೆಡಂಗಿಲ್ಲ."

ಮಾಸ್ತರ ಮುಖ ಸಣ್ಣದಾಯಿತು. ತಾವೇ ತಂದ ಸಿನಿಮಾ ದಣಿಯ ಪರ ಮಾತಾಡುತ್ತಿತ್ತು.

"ಮುಂದಿನ ಸರ್ತಿ ಕನ್ನಡದ್ದು ತರ್ರಿ ಮಾಸ್ತರ," ಎಂದಳು ಹಿಂದೆ ಕೂತಿದ್ದ ಹುಸೇನಮ್ಮ. "ಕುಣಿಯೋದಾರ ಇರ್ತೈತಿ."

ಅಂಬಪ್ಪ ಟೀವಿಯಿಂದ ಕಣ್ಣು ತೆಗೆದಿರಲಿಲ್ಲ. "ಏಸಪ್ಪ ಮತ್ತ ಎದ್ದು ಬಂದ ಅಂತಾರ. ಇವ ಬಂದನೇನ್ರಿ ಮಾಸ್ತರ?"

"ಇಲ್ಲಪ."

"ಯಾರರ ಇಳಿಸಿ ಮಣ್ಣು ಮಾಡಿದ್ರೇನ್ರಿ?"

"ಎಲ್ಲೀದು. ಇಂಥವರನ್ನ ದಾರಿ ಉದ್ದಕ್ಕ ಹಂಗ ಬಿಟ್ರು. ಉಳಿದ ಆಳುಗಳು ನೋಡಿ ಅಂಜಲಿ ಅಂತ."

ಅಂಬಪ್ಪ ಅವ್ವನ ಕಡೆ ತಿರುಗಿದ. ಮೆಲ್ಲಗೆ ಅಂದ: "ನಮ್ಮಪ್ಪನಂಗ ಸತ್ತಾನಬೇ ಇವ."

"ಅವರ ಮಾತು ಈಗ್ಯಾಕ ತೆಗೀತಿ?"

"ದಣಿ ದನದ ಕೊಟ್ಟಿಗ್ಯಾಗ ಸಾಯೂತನ ತಡಕೊಂಡ್ನಲ್ಲ. ಅವ ದೇವರಾದನೇನು, ಯವ್ವಾ?"



ಸಂಜೆ ಚಾವಡಿಯಲ್ಲಿ ದಣಿ ಜಮಖಾನ ಹಾಸಿಸಿ ಕೂತಿದ್ದ. ಅಂಬಪ್ಪ ಬಂದದ್ದು ಕಂಡು, ತನ್ನ ಮಗ್ಗುಲ ಜಾಗವನ್ನು ಅಂಗೈಯಿಂದ ಮೆತ್ತಗೆ ತಟ್ಟಿ ತೋರಿಸಿದ. ಅಂಬಪ್ಪನಾಗಲಿ ಅವನ ಅಪ್ಪನಾಗಲಿ ಆ ಜಮಖಾನವನ್ನು ಝಾಡಿಸಿದವರೇ ಹೊರತು ಕೂತವರಲ್ಲ. ಅಂಬಪ್ಪ ಅದನ್ನು ತುಳಿಯದೆ ಸುತ್ತುಹಾಕಿ ನಡೆದು, ತಹಶೀಲ್ದಾರರ ಕುರ್ಚಿಯ ಎದುರು ಬರಿ ನೆಲದ ಮೇಲೆ ಕೂತ.